ಮೂರು ದಿನ ಹಾಲು ಬಾರದ ಮನೆ: ಪಂಚಾಯತಿನವರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರು, ಜಿಲ್ಲಾಧಿಕಾರಿಗಳು, ಜಿಲ್ಲಾ ವೈದ್ಯಾಧಿಕಾರಿಗಳು ಹಾಗೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಲ್ಲ ಗ್ರಾಮ ಪಂಚಾಯತ್ ಸದಸ್ಯರಿಗೆ

ಮಾನ್ಯರೇ,

ನಾನು ಮಂಜೇಶ್ವರ ತಾಲೂಕಿನ ಒಳಊರಿನ ಒಂದು ಹಾಲು ಸೊಸೈಟಿಯ ಕಾರ್ಯದರ್ಶಿ. 27 ವರ್ಷದಿಂದ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಿದ್ದೇನೆ. ಯಾರ ದನ ಕರು ಹಾಕಿತು, ಯಾರ ಹಟ್ಟಿ ಖಾಲಿಯಾಯಿತು, ಯಾರ ಮಗ ಗಲ್ಫಿನ ಕೆಲಸ ಬಿಟ್ಟು ಬಂದ, ಯಾರ ತೋಟಕ್ಕೆ ಕೊಳೆರೋಗ ಹಿಡಿಯಿತು ಎಂಬುದೆಲ್ಲ ಬಿಸಿಲೇರುವ ಮೊದಲೇ ನಮ್ಮ ಜಗಲಿಗೆ ಬರುತ್ತದೆ. ಇಷ್ಟೆಲ್ಲ ತಿಳಿಯುತ್ತಿದ್ದ ನನಗೆ ತಿಳಿಯದೇ ಹೋದ ಒಂದು ಸಂಗತಿಯಿಂದ ಈ ಪತ್ರ ಹುಟ್ಟಿದೆ. ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ವರ್ಷ ಬರೆಯುವುದಿಲ್ಲ.

ಅವರು ಇಪ್ಪತ್ತು ವರ್ಷದಷ್ಟು ಕಾಲ ನಮ್ಮಲ್ಲಿಗೆ ಹಾಲು ಹಾಕಿದವರು. ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಎರಡು ಎಕ್ರೆ ಅಡಿಕೆ ತೋಟ, ಮೂರು ದನ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದನ ಮಾರಿದರು. ಎರಡು ತಿಂಗಳಲ್ಲಿ ಇನ್ನೊಂದು. ಯಾಕಣ್ಣ ಎಂದರೆ, "ಹುಲ್ಲು ತರುವವರಿಲ್ಲ" ಎಂದರು. ಈಗ ಎಲ್ಲರೂ ಹೇಳುವ ಮಾತೇ ಅದು, ನಂಬಿದೆ. ಮೊದಲೆಲ್ಲ ಹಾಲು ಅಳೆಸಿದ ಮೇಲೆ ಜಗಲಿಯಲ್ಲಿ ಕೂತು, ಪೇಪರಿನಲ್ಲಿ ಅಡಿಕೆ ರೇಟು ನೋಡಿ, ನಾಲ್ಕು ಮಾತಾಡಿ ಹೋಗುತ್ತಿದ್ದವರು ಕೂರುವುದನ್ನೇ ಬಿಟ್ಟರು. ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ನಿಂತು, ಚೀಟಿ ಸಿಕ್ಕಿದ ಕೂಡಲೇ ಹೊರಡುತ್ತಿದ್ದರು. ಒಂದು ಬುಧವಾರ ಹಾಲಿಲ್ಲದೆ ಬರಿಗೈಯಲ್ಲಿ ಬಂದರು. ಎರಡು ಚೀಲ ಹಿಂಡಿಯ ಬಾಕಿ ಇತ್ತು. ಎಣಿಸಿ ಮೇಜಿನ ಮೇಲಿಟ್ಟರು. "ಅವಸರ ಏನಿತ್ತಣ್ಣ, ಹಾಲಿನ ದುಡ್ಡಲ್ಲಿ ಹಿಡಿದುಕೊಳ್ಳುತ್ತಿದ್ದೆನಲ್ಲ" ಎಂದೆ. "ಇರಲಿ, ಲೆಕ್ಕ ಚುಕ್ತಾ ಆಗಲಿ" ಎಂದರು. ಆಮೇಲೆ, ಪಾಸ್‌ಬುಕ್ಕನ್ನು ಹೆಂಡತಿಯ ಹೆಸರಿಗೆ ಮಾಡಲು ಏನು ಬೇಕು ಎಂದು ಕೇಳಿದರು. ನಾನೇ ಫಾರಂ ತುಂಬಿಸಿದೆ. ಸೈನ್ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ.

ಮೂರು ದಿನ ಆ ಮನೆಯಿಂದ ಹಾಲು ಬರಲಿಲ್ಲ. ನಾಲ್ಕನೇ ದಿನ ಸುದ್ದಿ ಬಂತು.

ಹೇಗೆ ಸತ್ತರು ಎಂಬುದನ್ನು ಬರೆಯುವುದಿಲ್ಲ. ಅದನ್ನು ಬರೆದು, ಹೇಳಿ, ಮೊಬೈಲಿನಲ್ಲಿ ಹಂಚಿ ಯಾರಿಗೂ ಉಪಕಾರವಾಗುವುದಿಲ್ಲ. ನೋವಿನಲ್ಲಿರುವ ಇನ್ನೊಬ್ಬರಿಗೆ ಅದು ದಾರಿ ತೋರಿಸಿದ ಹಾಗಾದೀತು. ದನ ಮಾರಿದ್ದು, ಮಾತು ಬಿಟ್ಟದ್ದು, ಬಾಕಿ ತೀರಿಸಿದ್ದು, ಹೆಸರು ಬದಲಿಸಿದ್ದು, ಈ ನಾಲ್ಕನ್ನೂ ನಾನು ಕಣ್ಣಾರೆ ನೋಡಿದ್ದೆ. ನಾಲ್ಕನ್ನೂ ಕೂಡಿಸಿ ನೋಡಲು ನನಗೆ ಬರಲಿಲ್ಲ. ದನಕ್ಕೆ ಕೆಚ್ಚಲು ಬಾವು ಬರುವ ಮೊದಲ ಲಕ್ಷಣ ಯಾವುದು ಎಂದು ನನಗೆ ಎಷ್ಟೋ ಸಲ ತರಬೇತಿ ಆಗಿದೆ, ಪ್ರಮಾಣಪತ್ರವೂ ಇದೆ. ಎದುರು ನಿಂತ ಮನುಷ್ಯ ಬದುಕಿನ ಲೆಕ್ಕವನ್ನೇ ಚುಕ್ತಾ ಮಾಡುತ್ತಿದ್ದಾನೆ ಎಂದು ಗುರುತಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ತರಬೇತಿಯನ್ನು ನನಗೂ ನನ್ನಂಥವರಿಗೂ ಕೊಡಿ ಎಂದು ಕೇಳಲಿಕ್ಕೇ ಈ ಪತ್ರ.

ನಮ್ಮ ರಾಜ್ಯದ ಸ್ಥಿತಿ ನಿಮಗೆ ಗೊತ್ತಿರುವುದೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಂತೆ ದೇಶದಲ್ಲಿ ಆ ವರ್ಷ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ದೇಶದ ಸರಾಸರಿ ಲಕ್ಷಕ್ಕೆ 12.4. ಕೇರಳದ್ದು 28.5, ಎರಡು ಪಟ್ಟಿಗೂ ಮೇಲೆ. ಸಾಕ್ಷರತೆಯಲ್ಲಿ, ಆಸ್ಪತ್ರೆಗಳಲ್ಲಿ ಮುಂದಿರುವ ರಾಜ್ಯದ ಅಂಕಿ ಇದು. ಸತ್ತವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಗಂಡಸರು. ಊರಿನ ಮಾತಿನಲ್ಲಿ, ಪೇಪರಿನ ತಲೆಬರಹದಲ್ಲಿ "ಸಾಲಬಾಧೆ" ಎಂಬ ಒಂದೇ ಪದಕ್ಕೆ ಎಲ್ಲ ಮುಗಿದುಹೋಗುತ್ತದೆ. ಅದೇ ವರದಿಯಲ್ಲಿ ಇಡೀ ದೇಶದ ಲೆಕ್ಕ ನೋಡಿದರೆ ಕುಟುಂಬದ ಸಮಸ್ಯೆ ಶೇಕಡಾ 31.7, ಕಾಯಿಲೆ ಶೇಕಡಾ 18.4. ಈ ಅಂಕಿಗಳೂ ಪೊಲೀಸ್ ದಾಖಲೆಗೆ ಬೇಕಾಗಿ ಒಂದೊಂದು ಸಾವಿಗೆ ಒಂದೊಂದು ಕಾರಣ ಹಚ್ಚಿದ್ದರಿಂದ ಬಂದವು. ನಾನು ಕಂಡ ಮನೆಯಲ್ಲಿ ಸಾಲವಿತ್ತು ನಿಜ. ಸೊಂಟನೋವಿನಿಂದ ನಿದ್ದೆಯಿಲ್ಲದ ಆರು ತಿಂಗಳೂ ಇದ್ದವು, ಮಾತು ಬಿಟ್ಟ ತಮ್ಮನೂ ಇದ್ದ, ಸಂಜೆಯಾದರೆ ಕುಡಿತವೂ ಇತ್ತು. ಸಾಲ ಮನ್ನಾ ಆಗಿದ್ದರೆ ಉಳಿಯುತ್ತಿದ್ದರೋ ಏನೋ. ಯಾರಾದರೂ ಒಬ್ಬರು ಜಗಲಿಗೆ ಬಂದು ಕೂತು, "ಏನಣ್ಣ, ಜೀವವೇ ಬೇಡ ಅಂತ ಅನ್ನಿಸ್ತದಾ?" ಎಂದು ನೇರ ಕೇಳಿದ್ದರೂ ಉಳಿಯುತ್ತಿದ್ದರೋ ಏನೋ.

ಹಾಗೆ ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ತಪ್ಪು ಎಂದು ಮನೋವೈದ್ಯರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಒಳಗೆ ಕಟ್ಟಿಕೊಂಡದ್ದು ಹೊರಗೆ ಬರುತ್ತದೆ. ಈ ಒಂದು ಮಾತು ಪಂಚಾಯತಿನ ಪ್ರತಿ ವಾರ್ಡಿನಲ್ಲಿ ನಾಲ್ಕು ಮಂದಿಗೆ ಖಚಿತವಾಗಿ ಗೊತ್ತಿದ್ದರೂ ಎಷ್ಟೋ ಆದೀತು.

ಕೇಳುವುದು ಯಾವ ಭಾಷೆಯಲ್ಲಿ ಎಂಬುದು ಮುಂದಿನ ಪ್ರಶ್ನೆ. ಇದನ್ನು ನಾನು ಗಡಿ ಚಳವಳಿಯ ಮಾತಾಗಿ ಎತ್ತುತ್ತಿಲ್ಲ. 1956ರ ಮಾತು, ಮಹಾಜನ ಆಯೋಗದ ಮಾತು ಬೇರೆ ವೇದಿಕೆಗಿರಲಿ. ನಮ್ಮ ನೆರೆಮನೆಯ ಅಕ್ಕ ಗಂಡ ತೀರಿಕೊಂಡ ಮೇಲೆ ಊಟ ಬಿಟ್ಟರು, ಇರುಳಿಡೀ ಎದ್ದು ಕೂರತೊಡಗಿದರು. ನಾನೇ ಜೀಪು ಮಾಡಿಸಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನಾಗುತ್ತದೆ ಎಂದು ವೈದ್ಯರು ಕೇಳಿದಾಗ ಅಕ್ಕ ತುಳುವಿನಲ್ಲಿ "ಉಡಲ್ ಪೊತ್ತುಂಡು" ಎಂದರು. ತುಳು ಬಲ್ಲವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ, ಒಡಲೇ ಹೊತ್ತಿ ಉರಿಯುವಂಥ ಸಂಕಟ ಅದು. ಜೊತೆಗಿದ್ದ ಮಗ ತನಗೆ ಬಂದಷ್ಟು ಮಲಯಾಳದಲ್ಲಿ ಎದೆ ಉರಿಯುತ್ತದಂತೆ ಎಂದ. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ವೈದ್ಯರದ್ದು ತಪ್ಪೆಂದು ನಾನು ಹೇಳಲಾರೆ, ಅವರಿಗೆ ಕೇಳಿಸಿದ್ದು ಅಷ್ಟೇ. ಎರಡು ತಿಂಗಳು ಅಕ್ಕ ಆ ಮಾತ್ರೆ ನುಂಗಿದರು. ಕೊನೆಗೆ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ, ಅವರ ಮನೆಮಾತೂ ತುಳುವೇ, ಅಂಗಳದಲ್ಲಿ ಕೂತು ಒಂದು ಗಂಟೆ ಕೇಳಿಸಿಕೊಂಡರು. ಮಾನಸಿಕ ಆರೋಗ್ಯದ ಕ್ಲಿನಿಕ್ಕಿಗೆ ತಾವೇ ಕೈಹಿಡಿದು ಕರೆದುಕೊಂಡು ಹೋದರು. ಈಗ ಆ ಅಕ್ಕ ಕುಟುಂಬಶ್ರೀ ಎಂಬ ಹೆಂಗಸರ ಸಂಘದ ಸಭೆಗೆ ಬರುತ್ತಾರೆ, ಜಾತ್ರೆಗೆ ಹೋಗುತ್ತಾರೆ, ನನ್ನ ಹಾಲಿನ ಅಳತೆ ಸರಿಯಿಲ್ಲ ಎಂದು ಜಗಳವನ್ನೂ ಮಾಡುತ್ತಾರೆ.

ಚಂದ್ರಗಿರಿ ಹೊಳೆಯ ಉತ್ತರಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಮಾತು: ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ. ಕಚೇರಿಯ ಅರ್ಜಿಗೆ ಯಾವ ಭಾಷೆಯಾದರೂ ಹೇಗೋ ನಡೆದೀತು. ಸಾಯಬೇಕು ಅನ್ನಿಸುತ್ತದೆ ಎಂಬ ಮಾತು ಮನೆಮಾತಿನಲ್ಲಲ್ಲದೆ ಬಾಯಿಗೆ ಬರುವುದಿಲ್ಲ. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416. ಹಗಲು ಇರುಳೆನ್ನದೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೇರಳ ಸರಕಾರದ ದಿಶಾ ಸಹಾಯವಾಣಿಯ ಸಂಖ್ಯೆ 1056. ಈ ಎರಡು ಸಂಖ್ಯೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದ ಒಂದು ಬೋರ್ಡನ್ನು ನಾನು ಓಡಾಡುವ ದಾರಿಯಲ್ಲಿ ಈವರೆಗೆ ಕಂಡಿಲ್ಲ. ನಮ್ಮ ಸೊಸೈಟಿಯ ಗೋಡೆಯಲ್ಲಿ ನಾನೇ ಪೈಂಟಿನಲ್ಲಿ ಬರೆಸಿದ್ದೇನೆ. ರೇಷನ್ ಅಂಗಡಿ, ಕೃಷಿ ಭವನ, ಬಸ್ ತಂಗುದಾಣಗಳಲ್ಲಿ ನೀವು ಬರೆಸಿ. ಇನ್ನೂ ಒಂದು ಕಡೆ ಇದೆ. ಸಾಲದ ಬಾಕಿಗೆ, ಜಪ್ತಿಗೆ ಬರುವ ನೋಟಿಸಿನ ಕೆಳಗೆ ಈ ಸಂಖ್ಯೆ ದಪ್ಪ ಅಕ್ಷರದಲ್ಲಿ ಅಚ್ಚಾಗಲಿ. ನೋಟಿಸು ಕೈಗೆ ಬಂದ ದಿನದ ರಾತ್ರಿ ಹೇಗಿರುತ್ತದೆ ಎಂದು ಸಾಲ ಮಾಡಿದವರಿಗೇ ಗೊತ್ತು.

ಸಾವಿನ ಬಾಗಿಲಿನಿಂದ ತಿರುಗಿ ಬಂದವರ ಕಥೆ ಇದಕ್ಕಿಂತ ಕಷ್ಟದ್ದು. ನಮ್ಮೂರಿನ ಕಾಂಕ್ರೀಟ್ ಕೆಲಸದ ಒಬ್ಬ ಹುಡುಗನನ್ನು ವೈದ್ಯರು ಬದುಕಿಸಿದರು. ಕೇಸಾದೀತು ಎಂಬ ಹೆದರಿಕೆಗೆ ಮನೆಯವರು ಅಲ್ಲಿ ನಿಜ ಹೇಳಲಿಲ್ಲ, ಕೈತಪ್ಪಿನಿಂದ ಆದದ್ದು ಎಂದರು. ದೇಹಕ್ಕೆ ಚಿಕಿತ್ಸೆ ಆಯಿತು, ಮನಸ್ಸಿನ ಮಾತು ಬರಲೇ ಇಲ್ಲ. ಮನೆಗೆ ಬಂದ ಮೇಲೆ ಯಾರೂ ಆ ಕಡೆ ಹೋಗಲಿಲ್ಲ. ಹೋದರೆ ಏನು ಮಾತಾಡುವುದು ಎಂದು ಗೊತ್ತಿರಲಿಲ್ಲ, ನಾನೂ ಹಾಗೆಯೇ ಎರಡು ವಾರ ತಪ್ಪಿಸಿಕೊಂಡೆ. ತಾಯಿಯೊಬ್ಬಳೇ ರಾತ್ರಿಯಿಡೀ ಬಾಗಿಲಿಗೆ ಅಡ್ಡ ಮಲಗಿ ಕಾಯುತ್ತಿದ್ದಳು. ಕಾನೂನು ಬದಲಾಗಿದೆ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 115ನೇ ಸೆಕ್ಷನ್ ಪ್ರಕಾರ ಬೇರೆ ಎಂದು ಸಾಬೀತಾಗದ ಹೊರತು ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸುವ ಹಾಗಿಲ್ಲ. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನೂ ಹೋಯಿತು. ಸರಕಾರಿ ನೌಕರರ ಕೆಲಸಕ್ಕೆ ಒತ್ತಡ ತರಲೆಂದೋ ಅಡ್ಡಿ ಮಾಡಲೆಂದೋ ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. 115ನೇ ಸೆಕ್ಷನ್ನಿನ ಎರಡನೇ ಉಪವಿಧಿಯನ್ನು ಅಧಿಕಾರಿಗಳು ದಯವಿಟ್ಟು ಇನ್ನೊಮ್ಮೆ ಓದಬೇಕು. ಯತ್ನಿಸಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಟ್ಟು ಅದು ಮರುಕಳಿಸದ ಹಾಗೆ ನೋಡಿಕೊಳ್ಳುವುದು ಸರಕಾರದ ಕರ್ತವ್ಯ ಎಂದು ಅಲ್ಲಿ ಬರೆದಿದೆ. ಆ ಹುಡುಗನ ಮನೆಗೆ ಆ ಕರ್ತವ್ಯದ ಹೆಸರಿನಲ್ಲಿ ಒಬ್ಬರೂ ಬರಲಿಲ್ಲ.

ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದೆ. ನಮ್ಮ ದೇಶದಲ್ಲಿ ಚೆನ್ನೈ ಆ ಪರೀಕ್ಷೆಯ ಕೇಂದ್ರವಾಗಿತ್ತು. ಯತ್ನಿಸಿ ಬದುಕಿ ಆಸ್ಪತ್ರೆಗೆ ಬಂದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರೊಡನೆ ಬಿಡುಗಡೆಯ ಮೊದಲು ಒಂದು ಗಂಟೆ ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ. 2008ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯವರಲ್ಲಿ 18 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಸಂಪರ್ಕ ಇಟ್ಟುಕೊಂಡವರಲ್ಲಿ ಇಬ್ಬರು. ಒಂಬತ್ತು ಸಲ ಹೋಗಿ ಮಾತಾಡಿಸುವುದಕ್ಕೆ ಯಾವ ಯಂತ್ರವೂ ಬೇಡ, ಹೊಸ ಕಟ್ಟಡವೂ ಬೇಡ. ಹೋಗಬೇಕಾದವರು ಯಾರೆಂದು ಪಂಚಾಯತ್ ಗೊತ್ತುಮಾಡಬೇಕು, ಅಷ್ಟೇ.

ಇದು ನಮ್ಮಿಂದಾಗದ ಕೆಲಸವೇನೂ ಅಲ್ಲ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿ ತಂದಿತು. ಅದಕ್ಕೂ ಮೊದಲೇ ಮಲಪ್ಪುರಂ ಕಡೆ ಊರಿನವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದರು. ಇವತ್ತು ಪಂಚಾಯತಿನ ಪಾಲಿಯೇಟಿವ್ ನರ್ಸ್ ನಮ್ಮೂರಿನ ಗುಡ್ಡ ಹತ್ತಿ ಬಂದು ಹುಣ್ಣು ತೊಳೆದು, ಕತೀಟರ್ ಬದಲಿಸಿ ಹೋಗುತ್ತಾರೆ. ಹಾಸಿಗೆ ಹಿಡಿದ ದೇಹಕ್ಕೆ ಮಾಡಿದ ಏರ್ಪಾಟನ್ನು ಹಾಸಿಗೆ ಹಿಡಿದ ಮನಸ್ಸಿಗೂ ಮಾಡಿ. ಯೋಜನಾ ನಿಧಿ ನಿಮ್ಮ ಕೈಯಲ್ಲಿದೆ. ಸಂಪೂರ್ಣ ಮಾನಸಿಕಾರೋಗ್ಯಂ, ಆಶ್ವಾಸಂ ಎಂಬ ಸರಕಾರದ ಕಾರ್ಯಕ್ರಮಗಳೂ ಇವೆ. ಅವು ಆರೋಗ್ಯ ಕೇಂದ್ರದ ಮೆಟ್ಟಿಲ ತನಕ ಬಂದಿವೆ. ಅಲ್ಲಿಂದ ಮನೆಯಂಗಳಕ್ಕೆ ತಲುಪಿಸಲು ವಾರ್ಡಿಗೆ ಇಬ್ಬರು ಮೂವರು ಬೇಕು. ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ ಆತ್ಮೀಯತಾ ಎಂಬ ಯೋಜನೆಯಡಿ ಊರಿನವರೇ ಈ ಕೆಲಸ ಮಾಡುತ್ತಿದ್ದಾರೆ.

ದಯವಿಟ್ಟು ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೇ ಕಟ್ಟಬೇಡಿ. 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಬಿಸಿಲಿನಲ್ಲಿ ಕೂತು ಅವರು ಹೆಚ್ಚಿನ ಗೌರವಧನ ಕೇಳಿದ್ದು ನಿಮಗೆ ಗೊತ್ತು. ಊರಿನಲ್ಲಿ ಮನೆಮನೆಯ ಸುಳಿವಿರುವವರು ಬೇರೆಯೂ ಇದ್ದಾರೆ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಟ್ಟುಮಾಡಲು ಬರುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಯಾರ ಮನೆಯ ಚೀಲದಲ್ಲಿ ಬರೀ ಮಾತ್ರೆಯ ಹಾಳೆಗಳೇ ತುಂಬಿರುತ್ತವೆ ಎಂದು ಗೊತ್ತು. ರೇಷನ್ ಅಂಗಡಿಯವರಿಗೆ, ಅಂಗನವಾಡಿ ಟೀಚರಿಗೆ, ಮದ್ದು ಬಿಡಲು ಕಂಗು (ಅಡಿಕೆ ಮರ) ಹತ್ತುವವರಿಗೆ, ಮಸೀದಿಯ ಉಸ್ತಾದರಿಗೆ, ದೈವಸ್ಥಾನದಲ್ಲಿ ಅರಿಕೆ ಮಾಡಿಸುವ ಹಿರಿಯರಿಗೆ ಗೊತ್ತು. ಕೋಲದ ರಾತ್ರಿ ದೈವದ ಎದುರು ಕೈಮುಗಿದು ನಿಂತು ಅಳುವವರನ್ನು ನಾವು ಎಷ್ಟು ಸಲ ನೋಡಿಲ್ಲ! ಅಲ್ಲಿ ಅಭಯ ಸಿಗುತ್ತದೆ, ಅದು ದೊಡ್ಡದು. ಮಾರನೆಯ ಬೆಳಿಗ್ಗೆ ಆ ಮನೆಗೆ ಹೋಗಿ ಬರುವ ಒಬ್ಬ ಮನುಷ್ಯನೂ ಬೇಕು. ಹೋದವರು ಕೇಳಿದ್ದನ್ನು ಊರೆಲ್ಲ ಹರಡದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದನ್ನೂ, ತನ್ನಿಂದ ಆಗದಿದ್ದಾಗ ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ತರಬೇತಿಯಲ್ಲಿ ಮೊದಲು ಕಲಿಸಬೇಕು. ವೈದ್ಯರು ಮಾಡಬೇಕಾದ್ದನ್ನು ನಾವು ಮಾಡಲಾರೆವು. ವೈದ್ಯರ ತನಕ ಕರೆದುಕೊಂಡು ಹೋಗಬಲ್ಲೆವು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರಿನ ಸದಸ್ಯರಿಗೆ ಒಂದು ಮಾತು. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದೈದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಆ ದುಡ್ಡಿಗಾಗಿ ಜನ ವರ್ಷಗಟ್ಟಲೆ ಓಡಾಡಿದರು. ಅಲ್ಲಿಯ ತಾಯಂದಿರನ್ನು ಮಾತಾಡಿಸಿದರೆ ದುಡ್ಡಿಗಿಂತ ಮೊದಲು ಬರುವ ಪ್ರಶ್ನೆ, "ನಾನು ಹೋದ ಮೇಲೆ ಇವನಿಗೆ ಯಾರು?" ಎಂಬುದು. ಮೂವತ್ತು ವರ್ಷದ ಮಗನನ್ನು ಇವತ್ತೂ ಎತ್ತಿ ಮೀಯಿಸುವ ತಾಯಿಗೆ ತಿಂಗಳಲ್ಲಿ ಎರಡು ದಿನವಾದರೂ ಬಿಡುವು ಸಿಗುವ ಹಾಗೆ ಒಬ್ಬರನ್ನು ನೇಮಿಸಿದರೆ ಅದೂ ಆತ್ಮಹತ್ಯೆ ತಡೆಯುವ ಕೆಲಸವೇ.

ತೋಟದ ವಿಷದ ವಿಚಾರದಲ್ಲಿ ಹೆಚ್ಚು ಹೇಳಲಾರೆ, ಆದರೆ ಬಿಟ್ಟುಬಿಡಲೂ ಆಗುವುದಿಲ್ಲ. ಸಂಕಟದ ಆ ಒಂದು ಗಳಿಗೆ ಎಷ್ಟೋ ಸಲ ಬಂದ ಹಾಗೆಯೇ ದಾಟಿಹೋಗುತ್ತದೆ. ದಾಟುವ ತನಕ ಅಪಾಯದ ವಸ್ತು ಕೈಗೆ ಸಿಗಬಾರದು. ಶ್ರೀಲಂಕಾದಲ್ಲಿ ಅತಿ ಅಪಾಯದ ಕೀಟನಾಶಕಗಳನ್ನು 1980ರ ದಶಕದಿಂದ ಒಂದೊಂದಾಗಿ ನಿಷೇಧಿಸಿದರು. 1995ರ ಬಳಿಕದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಮೂರನೇ ಒಂದರಷ್ಟಕ್ಕೆ ಇಳಿಯಿತು. ಅದೇ ದೇಶದ 180 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರೆ ಗುಣ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗ ಹಾಕಿ ಏನು ಬಂತು? ತಮಿಳುನಾಡಿನ ಕಾಟ್ಟುಮನ್ನಾರ್‌ಕೋವಿಲ್ ಕಡೆ ಚೆನ್ನೈನ ಸ್ನೇಹಾ ಸಂಸ್ಥೆಯವರು ಎರಡು ಹಳ್ಳಿಗಳಲ್ಲಿ ಊರಿಗೇ ಒಂದು ದಾಸ್ತಾನು ಕೋಣೆ ಮಾಡಿಸಿ, ಸಾಲಾಗಿ ಪೆಟ್ಟಿಗೆಗಳನ್ನಿಟ್ಟು, ನೋಡಿಕೊಳ್ಳಲು ಜನ ಇಟ್ಟರು. ಬೇಕಾದ ದಿನ ಬೇಕಾದಷ್ಟು ತೆಗೆದುಕೊಂಡು ಹೋಗುವುದು, ಉಳಿದದ್ದು ವಾಪಸು. ರೈತರು ಅದನ್ನು ಒಪ್ಪಿಕೊಂಡರು. ಕೃಷಿ ಭವನಗಳ ಮೂಲಕ ನಮ್ಮಲ್ಲೂ ಒಂದೆರಡು ವಾರ್ಡಿನಲ್ಲಿ ಇದನ್ನು ಮಾಡಿ ನೋಡಬಹುದು. ಜಾಗ ಇಲ್ಲವೆಂದಾದರೆ ನಮ್ಮ ಸೊಸೈಟಿಯ ಹಿಂದೆ ಹಿಂಡಿ ಇಡುವ ಕೋಣೆಯಿಂದ ಬೇರೆಯಾಗಿ ಒಂದು ಕೋಣೆ ಕಟ್ಟಿಸಲು ಸ್ಥಳ ಇದೆ. ಆಡಳಿತ ಮಂಡಳಿಯನ್ನು ಒಪ್ಪಿಸುವ ಹೊಣೆ ನನ್ನದು.

ಇದನ್ನು ಓದುತ್ತಿರುವ ನನ್ನ ಊರಿನವರಲ್ಲೂ ಒಂದು ಬೇಡಿಕೆ ಇದೆ. ಆ ಅಣ್ಣನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಎಷ್ಟೋ ಮಂದಿ ಹೋಗಲಿಲ್ಲ. ಹೋದವರು ಅಂಗಳದಲ್ಲಿ ನಿಂತು, "ಹೆಂಡತಿಗೆ ಗೊತ್ತೇ ಆಗಲಿಲ್ವಾ?" ಎಂದು ಪಿಸುಗುಟ್ಟಿದರು. ಅದು ಅತ್ತಿಗೆಗೆ ಕೇಳಿಸಿತು. ಇಷ್ಟು ವರ್ಷಗಳಾದ ಮೇಲೂ ಆ ಒಂದು ವಾಕ್ಯವನ್ನು ಅವರು ಮರೆತಿಲ್ಲ. ಹೀಗೆ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಉಳಿದವರ ಜೀವಕ್ಕೂ ಅಪಾಯ ಹೆಚ್ಚು. ಬೇರೆ ಸಾವಿನ ಮನೆಗೆ ಹೇಗೆ ಅಕ್ಕಿ ತೆಂಗಿನಕಾಯಿ ಹಿಡಿದುಕೊಂಡು ಹೋಗುತ್ತೇವೋ ಹಾಗೆಯೇ ಅಲ್ಲಿಗೂ ಹೋಗಿ. ಏನು ಹೇಳುವುದೆಂದು ತಿಳಿಯದಿದ್ದರೆ ಸುಮ್ಮನೆ ಕೂತು ಚಾ ಕುಡಿದು ಬನ್ನಿ.

ಮಾನ್ಯರೇ, ನಮ್ಮ ವಾರ್ಡಿನಿಂದ ತರಬೇತಿಗೆ ಬರಲು ಏಳು ಮಂದಿ ಒಪ್ಪಿದ್ದಾರೆ. ನಾನು, ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ ಆ ಅಕ್ಕ, ಹರಿತ ಕರ್ಮ ಸೇನೆಯ ಇಬ್ಬರು, ನಿವೃತ್ತ ಮಾಷ್ಟ್ರು ಒಬ್ಬರು, ಆಟೋ ಓಡಿಸುವ ಒಬ್ಬ ಬ್ಯಾರಿ ಹುಡುಗ. ಏಳನೆಯವರು ಅತ್ತಿಗೆ. ನಾನು ತುಂಬಿಸಿದ ಫಾರಮ್ಮಿನ ಪ್ರಕಾರ ಆ ಪಾಸ್‌ಬುಕ್ಕು ಈಗ ಅವರ ಹೆಸರಿನಲ್ಲಿದೆ, ಉಳಿದ ಒಂದು ದನದ ಹಾಲನ್ನು ಅವರೇ ತರುತ್ತಾರೆ. ನಾನು ಈ ಪತ್ರ ಬರೆಯುತ್ತೇನೆ ಎಂದಾಗ, "ನನ್ನನ್ನೂ ಸೇರಿಸಿ ಬರೆಯಿರಿ" ಎಂದರು.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುತ್ತೇವೆ. ಅದಕ್ಕೆ ಮೊದಲು ತರಬೇತಿ ಎಲ್ಲಿ, ಯಾರು ಕೊಡುತ್ತಾರೆ ಎಂದು ತಿಳಿಸಿ. ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಡುವವರು ಬರಲಿ. ಜಾಗ ನಮ್ಮ ಸೊಸೈಟಿಯ ಜಗಲಿಯೇ ಆದೀತು, ಬೆಂಚು ಇದೆ, ಫ್ಯಾನ್ ಇದೆ. ಹಾಲಿನ ವಾಹನ ಹೋದ ಮೇಲೆ, ಬೆಳಿಗ್ಗೆ ಒಂಬತ್ತರ ನಂತರ, ವಾರದ ಯಾವ ದಿನವಾದರೂ ನಾವು ಏಳೂ ಮಂದಿ ಅಲ್ಲಿರುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಹಾಲು ಸೊಸೈಟಿಯ ಒಬ್ಬ ಕಾರ್ಯದರ್ಶಿ
ಮಂಜೇಶ್ವರ ತಾಲೂಕು